ತುಮಕೂರಲ್ಲಿ ತಗೊಂಡ 200 ಬಿಲ್ಲೆ ಚಿಪ್ಸ್ ಸೆಟ್, ರಮ್ಮಿ ಆಡೋರಿಗೆ ಎಷ್ಟು ಸರಿ ಹೋಗುತ್ತೆ

ಮೊದಲೇ ಹೇಳ್ಬಿಡ್ತೀನಿ, ಈ ಸೆಟ್, ಅಂದ್ರೆ ಆಟದಲ್ಲಿ ದುಡ್ಡಿನ ಬದಲು ಲೆಕ್ಕಕ್ಕೆ ಇಡೋ ಬಿಲ್ಲೆಗಳ ಪೆಟ್ಟಿಗೆ, ಮಾಡಿರೋದು ಪೋಕರ್ ಅನ್ನೋ ಎಲೆ ಆಟ ಆಡೋರಿಗೆ. ಆದ್ರೂ ಮನೇಲಿ ಐದಾರು ಜನ ಕೂತು ರಮ್ಮಿ ಆಡೋ ಅಭ್ಯಾಸ ಇದ್ರೆ ಧೈರ್ಯವಾಗಿ ತಗೊಳ್ಳಿ. ಬಿಲ್ಲೆ ಮೇಲೆ ಪ್ರಿಂಟ್ ಆಗಿರೋ ಒಂದು ನಂಬರ್‌ನ ನಾವೇ ಬದಲಾಯಿಸ್ಕೋಬೇಕು, ಜೊತೇಲಿ ಬರೋ ಎಲೆಗಳನ್ನ ಪಕ್ಕಕ್ಕಿಟ್ಟು ಬೇರೆ ಎರಡು ಕಟ್ಟು ತಂದ್ಕೋಬೇಕು, ಅಷ್ಟು ಮಾಡಿದ್ರೆ ತುಂಬಾ ಒಳ್ಳೇ ಸಾಮಾನು. ನಾನು ತಗೊಳ್ಳೋ ಮುಂಚೆ ಓದಿದ ರಿವ್ಯೂ ಎಲ್ಲಾ ಪೋಕರ್ ಆಡೋರು ಬರೆದಿದ್ದೇ, ರಮ್ಮಿ ಲೆಕ್ಕಕ್ಕೆ ಇದು ಹೊಂದುತ್ತಾ ಇಲ್ವಾ ಅಂತ ಒಬ್ರೂ ಬರೆದಿರ್ಲಿಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದೀನಿ.

ತಗೊಂಡಿದ್ದು ಎಂ.ಜಿ. ರೋಡ್ ಕಡೆ ಒಂದು ಆಟದ ಸಾಮಾನಿನ ಅಂಗಡೀಲಿ, ಯುಗಾದಿಗೆ ಮುಂಚೆ. ಡಬ್ಬದ ಮೇಲೆ ಯಾವ ಕಂಪನಿ ಹೆಸರೂ ಇಲ್ಲ. ಎರಡು ಸಾವಿರದ ಒಳಗೇ ಆಯ್ತು. ಅಲ್ಯೂಮಿನಿಯಂ ಪೆಟ್ಟಿಗೆ, ಒಳಗೆ ಸ್ಪಾಂಜಲ್ಲಿ ಕೊರೆದಿರೋ ಸಾಲುಗಳಲ್ಲಿ 200 ಬಿಲ್ಲೆ, ಎರಡು ಕಟ್ಟು ಎಲೆ, ಐದು ದಾಳ, ಆಮೇಲೆ ಡೀಲರ್ ಅಂತ ಬರೆದಿರೋ ಒಂದು ದೊಡ್ಡ ಬಿಳಿ ಬಿಲ್ಲೆ. ದಾಳ ರಮ್ಮಿಗೆ ಬೇಕಾಗಿಲ್ಲ, ಮಕ್ಕಳಿಗೆ ಹಾವು ಏಣಿ ಆಡೋಕೆ ಕೊಟ್ಬಿಟ್ಟೆ. ಆ ಡೀಲರ್ ಬಿಲ್ಲೆ ಮಾತ್ರ ಇಟ್ಕೊಳ್ಳಿ, ಈ ಸಲ ಹಂಚೋರು ಯಾರು ಅನ್ನೋ ಗಲಾಟೆ ಅದರಿಂದ ನಿಂತೋಗುತ್ತೆ, ಆಟ ಮುಗಿದ ತಕ್ಷಣ ಅದನ್ನ ಪಕ್ಕದೋರ ಮುಂದಕ್ಕೆ ತಳ್ಳಿದ್ರೆ ಸಾಕು.

ನಮ್ಮ ಕಡೆ ಇಸ್ಪೀಟು ಅಂದ್ರೆ ಯುಗಾದಿ, ಹೊಸತೊಡಕು. ವರ್ಷದಲ್ಲಿ ಬೇರೆ ಯಾವತ್ತೂ ಎಲೆ ಮುಟ್ಟದೋರೂ ಆವತ್ತು ಊಟ ಮುಗಿಸಿ ಜಗಲಿ ಮೇಲೋ ತೋಟದ ಮನೇಲೋ ಕೂತ್ಕೋತಾರೆ, ಗಣೇಶನ ಹಬ್ಬದಲ್ಲಿ ಪೆಂಡಾಲ್ ಕಾಯೋ ರಾತ್ರೀಲೂ ಇದೇ. ನಮ್ಮ ಮನೇಲಿ ಚಿಕ್ಕೋರಿದ್ದಾಗ ಹುಣಸೆಬೀಜ ಇಟ್ಕೊಂಡು ಆಡ್ತಿದ್ವಿ, ಆಮೇಲೆ ಹತ್ತು ರೂಪಾಯಿ ನೋಟು ಬಂತು, ನೋಟು ಬಂದ್ಮೇಲೆ ಚಿಲ್ಲರೆ ಜಗಳ ಬಂತು, ಹೆಂಗಸ್ರು ಮಕ್ಕಳು ಆಟದಿಂದ ದೂರ ಸರಿದ್ರು. ದುಡ್ಡು ಬೇಡ ಅಂತ ಪೇಪರ್ ಮೇಲೆ ಪಾಯಿಂಟ್ ಬರ್ಕೊಂಡು ಆಡೋಕೆ ಶುರು ಮಾಡಿದ್ವಿ, ಅದರಲ್ಲಿ ಬೇರೆ ತೊಂದ್ರೆ, ಪೇಪರ್ ಮೇಲೆ ಬರೆದ 80 ಪಾಯಿಂಟ್ ದಂಡ ಯಾರಿಗೂ ನೋಯಲ್ಲ. ಸೋತೋರು ಬರ್ಕೋ ಬಿಡು ಅಂತಾರೆ, ಮುಂದಿನ ಕೈಯಲ್ಲೂ ಅದೇ ತರ ಏನೂ ಇಲ್ದಿರೋ ಎಲೆ ಹಿಡ್ಕೊಂಡು ಕೊನೇವರೆಗೂ ಕೂತ್ಕೋತಾರೆ.

ನನ್ನ ಪ್ರಕಾರ ರಮ್ಮಿಗೆ ಬಿಲ್ಲೆ ಬೇಕಾಗೋದು ಇಲ್ಲಿ. ಈ ಆಟದಲ್ಲಿ ಒಳ್ಳೇ ಕೈ ಬಂದಾಗ ಗೆಲ್ಲೋದು ಎಲ್ಲರಿಗೂ ಬರುತ್ತೆ, ಕೆಟ್ಟ ಕೈ ಬಂದಾಗ ಕಡಿಮೆಗೆ ಸೋಲೋದು ಕಲಿಯೋಕೇ ವರ್ಷ ಹಿಡಿಯುತ್ತೆ. ಮೊದಲ ಸರದೀಲೇ ಎಲೆ ಎತ್ತದೆ ಸ್ಕೂಟ್ ಮಾಡಿದ್ರೆ, ಅಂದ್ರೆ ಎಲೆ ಕೆಳಗಿಟ್ಟು ಆ ಆಟ ಬಿಟ್ರೆ, ದಂಡ 20 ಪಾಯಿಂಟ್, ಒಂದು ಸಲ ಎತ್ತಿ ಆಮೇಲೆ ಬಿಟ್ರೆ ಮಿಡಲ್ ಸ್ಕೂಟ್ 40, ಕೊನೇವರೆಗೂ ಕೂತು ಒಂದೂ ಸೀಕ್ವೆನ್ಸ್ (ಒಂದೇ ಜಾತಿಯ ಎಲೆಗಳ ಸಾಲು) ಆಗದೆ ಸಿಕ್ಕಾಕ್ಕೊಂಡ್ರೆ ಫುಲ್, 80. ನಾಲ್ಕು ಸಲ ಸ್ಕೂಟ್ ಮಾಡಿದ್ರೂ ಒಂದೇ ಒಂದು ಫುಲ್‌ಗೆ ಸಮ ಅಷ್ಟೇ. ಈ ಮಾತನ್ನ ಬಾಯಲ್ಲಿ ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗಲ್ಲ, ತಲಾ 20ರ ನಾಲ್ಕು ಹಸಿರು ಬಿಲ್ಲೆ ಎಣಿಸಿ ಗೆದ್ದೋರ ಮುಂದೆ ಇಟ್ಟಾಗ ಹೋಗುತ್ತೆ. ನಮ್ಮ ದೊಡ್ಡಪ್ಪ ಯಾವತ್ತೂ ಸ್ಕೂಟ್ ಮಾಡದೋರು, ಫುಲ್ ಕೊಡೋಕೆ ನಾಲ್ಕು ಬಿಲ್ಲೆ ಇಟ್ಟು ಮುಂದೆ ಉಳಿದಿರೋದನ್ನ ನೋಡಿ ‘ಏನ್ಲಾ ಇದು, ಒಂದೇ ಆಟಕ್ಕೆ ಅರ್ಧ ಹಸಿರು ಹೋಯ್ತಲ್ಲ’ ಅಂದ್ರು, ಅದರ ಮುಂದಿನ ಕೈಯಲ್ಲೇ ಎಲೆ ಒಂದು ಸಲ ಬಿಡಿಸಿ ನೋಡಿ ‘ನಂದು ಸ್ಕೂಟು’ ಅಂತ ಕೆಳಗಿಟ್ರು.

ಈಗ ನಂಬರ್ ವಿಷ್ಯ. ಪೆಟ್ಟಿಗೇಲಿ ನಾಲ್ಕು ಬಣ್ಣ, ಒಂದೊಂದೂ 50. ಬಿಳಿ 1, ಕೆಂಪು 5, ಹಸಿರು 25, ಕಪ್ಪು 100 ಅಂತ ಪ್ರಿಂಟ್ ಆಗಿದೆ. ಪೋಕರಲ್ಲಿ ಇದೇ ಲೆಕ್ಕ ನಡೆಯುತ್ತೆ. ರಮ್ಮಿಗೆ 25 ಹೊಂದಲ್ಲ, ಯಾಕಂದ್ರೆ ನಮ್ಮ ದಂಡ ಎಲ್ಲಾ ಇಪ್ಪತ್ತರ ಮಗ್ಗಿ. 20 ಕೊಡೋಕೆ ನಾಲ್ಕು ಕೆಂಪು, 40 ಕೊಡೋಕೆ ಒಂದು ಹಸಿರು ಮೂರು ಕೆಂಪು, 80 ಕೊಡೋಕೆ ಮೂರು ಹಸಿರು ಒಂದು ಕೆಂಪು, ಹಿಂಗೆ ಪ್ರತಿ ಆಟಕ್ಕೂ ಕೂಡಿ ಕಳೆದು ತಲೆ ಕೆಡುತ್ತೆ, ಕೆಂಪು ಬೇರೆ ಬೇಗ ಖಾಲಿ ಆಗುತ್ತೆ. ಹಸಿರನ್ನ 20 ಅಂತ ಮಾಡ್ಬಿಡಿ, ಎಲ್ಲಾ ಸಲೀಸು. ಸ್ಕೂಟ್ ಅಂದ್ರೆ ಒಂದು ಹಸಿರು, ಮಿಡಲ್ ಅಂದ್ರೆ ಎರಡು, ಫುಲ್ ಅಂದ್ರೆ ನಾಲ್ಕು. ಲೆಕ್ಕ ಬರದ ಮಗುವೂ ಕೊಡುತ್ತೆ. ಸ್ಟೇಷನರಿ ಅಂಗಡೀಲಿ ಸಿಗೋ ದುಂಡನೆ ಸ್ಟಿಕ್ಕರ್ ಮೇಲೆ 20 ಅಂತ ಬರೆದು 25ರ ಮೇಲೆ ಅಂಟಿಸಿದೀವಿ, ಎರಡೂ ಕಡೆಗೆ ಸೇರಿ ನೂರು ಸ್ಟಿಕ್ಕರ್ ಬೇಕಾಯ್ತು. ನಂಬರೇ ಇಲ್ದಿರೋ ಬರೀ ಬಣ್ಣದ ಬಿಲ್ಲೆ ಸೆಟ್ಟೂ ಬರುತ್ತೆ, ಸಿಕ್ಕಿದ್ರೆ ಅದೇ ತಗೊಳ್ಳಿ, ಈ ಅಂಟಿಸೋ ಕೆಲಸವೇ ಇರಲ್ಲ.

ಹಂಚೋ ಲೆಕ್ಕ ನಾವು ಮಾಡ್ಕೊಂಡಿರೋದು ಹೀಗೆ, ಆರು ಜನ ಅಂತಿಟ್ಕೊಳ್ಳಿ, ಒಬ್ಬೊಬ್ಬರಿಗೂ 500. ಕಪ್ಪು ಮೂರು, ಹಸಿರು ಎಂಟು, ಕೆಂಪು ಏಳು, ಬಿಳಿ ಐದು. 300, 160, 35, 5, ಸೇರಿದ್ರೆ 500 ಸರಿ. ಆರು ಜನಕ್ಕೆ ಹೋಗೋದು 18 ಕಪ್ಪು, 48 ಹಸಿರು, 42 ಕೆಂಪು, 30 ಬಿಳಿ, ಉಳಿದಿದ್ದು ಪೆಟ್ಟಿಗೇಲೇ ಇರಲಿ, ಅದು ಬ್ಯಾಂಕು, ಚಿಲ್ಲರೆ ಬೇಕಾದಾಗ ಅಲ್ಲಿ ಬದಲಾಯಿಸ್ಕೋಬೋದು. ಆಟ ಮುಗಿದಾಗ ಆರೂ ಜನರ ಮುಂದಿರೋದು ಕೂಡಿದ್ರೆ 3000 ಬರ್ಲೇಬೇಕು, ಬರ್ಲಿಲ್ಲ ಅಂದ್ರೆ ಒಂದು ಬಿಲ್ಲೆ ಜಮಖಾನದ ಕೆಳಗೆ ಹೋಗಿದೆ ಅಂತ ಅರ್ಥ, ಹುಡುಕಿ. ಪೇಪರ್ ಲೆಕ್ಕದಲ್ಲಿ ಈ ತಾಳೆ ನೋಡೋಕೆ ಯಾರೂ ಕೂರಲ್ಲ. 200 ಬಿಲ್ಲೆ ಆರು ಜನಕ್ಕೆ ಸಾಕು, ಅದಕ್ಕಿಂತ ಜಾಸ್ತಿ ಜನ ಆದ್ರೆ 300ರ ಸೆಟ್ ತಗೊಳ್ಳಿ, 100ರ ಸೆಟ್ ಮಾತ್ರ ಬೇಡ, ಎರಡನೇ ಆಟಕ್ಕೇ ಚಿಲ್ಲರೆ ಸಾಲದೆ ನಿಂತೋಗುತ್ತೆ.

ಆಟ ಗೊತ್ತಿಲ್ಲದೋರಿಗೆ ಪೂರ್ತಿ ಹೇಳ್ಬಿಡ್ತೀನಿ. ಎರಡು ಕಟ್ಟು ಸೇರಿಸಿ, ಕಟ್ಟಿಗೊಂದರಂತೆ ಎರಡು ಪೇಪರ್ ಜೋಕರ್, ಒಟ್ಟು 106 ಎಲೆ. ಚೆನ್ನಾಗಿ ಕಲಸಿ, ಪಕ್ಕದೋರ ಕೈಲಿ ಕಟ್ ಮಾಡಿಸಿ, ತಲಾ 13. ಆರು ಜನಕ್ಕೆ 78 ಹೋಯ್ತು. ಮಿಕ್ಕ 28ರಲ್ಲಿ ಒಂದನ್ನ ತೆಗೆದು ಕಟ್ ಜೋಕರ್ ಮಾಡಿ ಅಂಗಾತ ಇಡಿ, ಅದು ಏಳು ಬಂದ್ರೆ ಎಲ್ಲಾ ಏಳೂ ಜೋಕರ್, ಅಂದ್ರೆ ಬೇರೆ ಯಾವ ಎಲೆ ಬದಲಿಗಾದ್ರೂ ಇಟ್ಕೋಬೋದು, ಅದೇ ಪೇಪರ್ ಜೋಕರ್ ಬಂದ್ಬಿಟ್ರೆ ಎಕ್ಕಗಳೆಲ್ಲಾ ಜೋಕರ್. ಇನ್ನೊಂದನ್ನ ಓಪನ್ ಮಾಡಿ ಇಡಿ. ಎತ್ತೋ ಕಟ್ಟಲ್ಲಿ ಉಳಿಯೋದು 26. ಸರದಿ ಬಂದಾಗ ಕಟ್ಟಿಂದಲೋ ಓಪನ್‌ನಿಂದಲೋ ಒಂದು ಎತ್ತು, ಒಂದು ಬಿಡು. ಹದಿಮೂರೂ ಎಲೆ ಸೀಕ್ವೆನ್ಸ್ ಮತ್ತೆ ಸೆಟ್ ಆಗಿ ಕೂತ್ಕೋಬೇಕು, ಅದರಲ್ಲಿ ಕನಿಷ್ಠ ಎರಡು ಸೀಕ್ವೆನ್ಸ್ ಇರ್ಲೇಬೇಕು, ಆ ಎರಡರಲ್ಲಿ ಒಂದು ಜೋಕರ್ ಸಹಾಯ ಇಲ್ದೆ ಆಗಿರೋ ಪ್ಯೂರ್ ಆಗಿರ್ಬೇಕು, ಅಂದ್ರೆ ಆಟೀನ್ 4, 5, 6 ಇದ್ದಂಗೆ. ಸೆಟ್ ಅಂದ್ರೆ ಒಂದೇ ನಂಬರು, ಬೇರೆ ಬೇರೆ ಜಾತಿ, ಇಸ್ಪೀಟ್ 9, ಕಳಾವರ್ 9, ಡೈಮಂಡ್ 9 ತರ. ಎರಡು ಕಟ್ಟು ಇರೋದ್ರಿಂದ ಇಸ್ಪೀಟ್ 9 ಎರಡು ಬಂದು ಕೂತಿರುತ್ತೆ, ಅವೆರಡನ್ನೂ ಒಂದೇ ಸೆಟ್ಟಿಗೆ ಹಾಕಂಗಿಲ್ಲ, ಹೊಸಬರು ಎಡವೋದು ಜಾಸ್ತಿ ಇಲ್ಲೇ. ಎಲ್ಲಾ ಕೂತ್ಮೇಲೆ ಹದಿನಾಲ್ಕನೇ ಎಲೆ ಕವುಚಿ ಇಟ್ಟು ಶೋ. ತಪ್ಪು ಶೋ ಮಾಡಿದ್ರೆ ಅವರದ್ದೂ 80.

ಶೋ ಆದ್ಮೇಲೆ ಸೋತೋರು ಕೈ ಬಿಚ್ಚಿ ಕೂರದೆ ಉಳಿದಿರೋ ಎಲೆ ಎಣಿಸ್ತಾರೆ. ಎಕ್ಕ, ರಾಜ, ರಾಣಿ, ಗುಲಾಮ ಎಲ್ಲಾ ಹತ್ತತ್ತು, ನಂಬರ್ ಎಲೆಗೆ ಅದರದ್ದೇ ನಂಬರು, ಜೋಕರ್‌ಗೆ ಸೊನ್ನೆ. ಪ್ಯೂರ್ ಆಗದೆ ಇದ್ರೆ ಉಳಿದಿದ್ದು ಎಷ್ಟೇ ಚೆನ್ನಾಗಿ ಕೂತಿದ್ರೂ ಅಷ್ಟೂ ಎಲೆ ಎಣಿಸ್ಬೇಕು, 80 ದಾಟಿದ್ರೆ 80ಕ್ಕೆ ನಿಲ್ಲುತ್ತೆ. ಪ್ಯೂರ್ ಇದ್ದು ಎರಡನೇ ಸೀಕ್ವೆನ್ಸ್ ಇಲ್ದಿದ್ರೆ ಆ ಪ್ಯೂರ್ ಮೂರು ಎಲೆ ಮಾತ್ರ ಬಿಟ್ಟು ಮಿಕ್ಕಿದ್ದೆಲ್ಲಾ ಲೆಕ್ಕಕ್ಕೆ. ಎರಡು ಸೀಕ್ವೆನ್ಸೂ ಒಂದು ಸೆಟ್ಟೂ ಆಗಿ ಕೈಯಲ್ಲಿ ರಾಜ, ರಾಣಿ, ಒಂಬತ್ತು, ಎಂಟು ಉಳ್ಕೊಂಡಿದೆ ಅನ್ನಿ, 37, ಒಂದು ಹಸಿರು ಮೂರು ಕೆಂಪು ಎರಡು ಬಿಳಿ ಎತ್ತಿ ಗೆದ್ದೋರ ಮುಂದಿಡಿ. ಒಬ್ಬರು ಸ್ಕೂಟ್ 20, ಇನ್ನೊಬ್ಬರು ಮಿಡಲ್ 40, ನಿಮ್ಮದು 37, ಮತ್ತೊಬ್ಬರು ಫುಲ್ 80, ಕೊನೆಯೋರು 12 ಅಂದ್ರೆ ಗೆದ್ದೋರಿಗೆ ಒಂದೇ ಆಟದಲ್ಲಿ 189 ಬಂತು. ಅಷ್ಟು ಬಿಲ್ಲೆ ಒಟ್ಟಿಗೆ ಒಬ್ಬರ ಕಡೆ ಸರಿಯೋದು ನೋಡೋಕೆ ಏನು ಚೆಂದ ಅಂತೀರ, ಮಕ್ಕಳಂತೂ ಗುಡ್ಡೆ ಹಾಕಿ ಬಣ್ಣಬಣ್ಣ ಬೇರೆ ಮಾಡಿ ಜೋಡಿಸ್ತಾ ಕೂತ್ಕೋತಾರೆ, ಕೂಡೋದು ಕಳೆಯೋದು ತಾನಾಗೇ ಬರುತ್ತೆ.

ಇದರ ಜೊತೆ ನಮ್ಮ ಮನೇಲಿ ಒಂದು ಪಾಟ್ ಇಡ್ತೀವಿ. ಹಂಚೋ ಮುಂಚೆ ಎಲ್ಲರೂ ಒಂದೊಂದು ಕೆಂಪು ಮಧ್ಯಕ್ಕೆ ಹಾಕ್ಬೇಕು, ಆ ಗಂಟು ಸುಮ್ನೆ ಗೆದ್ದೋರಿಗೆ ಹೋಗಲ್ಲ, ಒಂದೂ ಜೋಕರ್ ಇಲ್ದೆ ಹದಿಮೂರೂ ಎಲೆ ಕೂರಿಸಿ ಶೋ ಮಾಡಿದೋರಿಗೆ ಮಾತ್ರ. ಆರು ಜನ ಅಂದ್ರೆ ಆಟಕ್ಕೆ 30 ಸೇರ್ತಾ ಹೋಗುತ್ತೆ, ಎಷ್ಟೋ ಆಟ ಯಾರಿಗೂ ಸಿಗಲ್ಲ, ಗಂಟು ಬೆಳೆದಂಗೆಲ್ಲಾ ಆಟದ ರೀತೀನೇ ಬದಲಾಗುತ್ತೆ. ಕೈಯಲ್ಲಿ ಜೋಕರ್ ಇದ್ರೂ ಬಳಸದೆ ಕಾಯ್ತಾ ಕೂರೋರು, ಆ ಆಸೇಲಿ 40 ಕಳ್ಕೊಳ್ಳೋರು, ಬೇಡಪ್ಪ ಅಂತ ಜೋಕರ್ ಹಾಕಿ ಬೇಗ ಶೋ ಮಾಡಿ ಎಲ್ಲರ ಆಸೆಗೂ ತಣ್ಣೀರು ಎರಚೋರು. ನಿಜವಾದ ಬೆಟ್ಟಿಂಗ್ ಮಜಾ ಒಂದು ಪೈಸೆ ಇಲ್ದೆ ಇಲ್ಲಿ ಸಿಗುತ್ತೆ. ಪಾಟಲ್ಲಿ 20 ಕೆಂಪು ಆದ ತಕ್ಷಣ ಬ್ಯಾಂಕಿಂದ ಒಂದು ಕಪ್ಪು ಇಟ್ಟು ಕೆಂಪು ವಾಪಸ್ ತಗೊಳ್ಳಿ, ಇಲ್ಲಾಂದ್ರೆ ಆಟಕ್ಕೇ ಕೆಂಪು ಸಾಲಲ್ಲ.

101 ಪೂಲ್, ಅಂದ್ರೆ ದಂಡ 101 ಮುಟ್ಟಿದೋರು ಔಟ್ ಆಗೋ ರಮ್ಮಿ, ಆಡೋರಿಗಂತೂ ಈ ಸೆಟ್ ವರ. ಪೇಪರ್ ಪೆನ್ನು ಬೇಕಾಗೇ ಇಲ್ಲ. ಒಬ್ಬೊಬ್ಬರಿಗೂ 101 ಕೊಡಿ, ಅಂದ್ರೆ ನಾಲ್ಕು ಹಸಿರು, ಮೂರು ಕೆಂಪು, ಆರು ಬಿಳಿ. ಸೋತಾಗ ಗೆದ್ದೋರಿಗೆ ಕೊಡೋ ಬದಲು ಪೆಟ್ಟಿಗೆಗೆ ವಾಪಸ್ ಹಾಕ್ಬೇಕು, ಮುಂದಿರೋದು ಖಾಲಿ ಆದ್ರೆ ಔಟ್, ಕೊನೇಲಿ ಉಳಿದೋರು ಗೆದ್ರು. ಯಾರ ಹತ್ರ ಎಷ್ಟು ಉಸಿರು ಉಳಿದಿದೆ ಅಂತ ಎಲ್ಲರಿಗೂ ಕಾಣುತ್ತೆ, ಎದುರಿಗಿರೋರ ಮುಂದೆ 15 ಮಾತ್ರ ಇದೆ ಅಂದ್ರೆ ಅವರು ಸ್ಕೂಟ್ ಮಾಡೋಕೂ ಆಗಲ್ಲ ಆಡ್ಲೇಬೇಕು ಅಂತ ಗೊತ್ತು, ಅವರಿಗೆ ಬೇಕಾಗಬೋದಾದ ಎಲೆ ಬಿಡದಂಗೆ ಹುಷಾರಾಗಿ ಆಡ್ಬೋದು. ಪೇಪರ್ ಒಬ್ಬರ ಕೈಲಿದ್ದಾಗ ಈ ವಿಷ್ಯ ಬರ್ಕೊಳ್ಳೋರಿಗೆ ಮಾತ್ರ ನೆನಪಿರ್ತಿತ್ತು. 201 ಆಡೋರು ಇದ್ರೆ ಅದರಲ್ಲಿ ಸ್ಕೂಟ್ 25, ಮಿಡಲ್ 50, ಅಲ್ಲಿಗೆ ಪ್ರಿಂಟ್ ಆಗಿರೋ 25 ಹಂಗೇ ಸರಿ ಹೋಗುತ್ತೆ, ಸ್ಟಿಕ್ಕರ್ ಬೇಡ.

ಬಿಲ್ಲೆಗಳ ಗುಣಮಟ್ಟ ಚೆನ್ನಾಗಿದೆ, ಇದರಲ್ಲಿ ಎರಡು ಮಾತಿಲ್ಲ. ಒಂದೊಂದೂ 11.5 ಗ್ರಾಂ ಅಂತ ಪೆಟ್ಟಿಗೆ ಮೇಲಿದೆ, ಒಳಗೆ ಲೋಹದ ತಗಡು ಹಾಕಿ ಮೇಲೆ ಪ್ಲಾಸ್ಟಿಕ್ ಹೊದಿಸಿರೋ ತರದ್ದು. ಅಗ್ಗದ ಸೆಟ್ಟಲ್ಲಿ ಬರೋ ನಾಲ್ಕು ಗ್ರಾಂ ಪ್ಲಾಸ್ಟಿಕ್ ಬಿಲ್ಲೆ ಕೈಯಲ್ಲಿ ಹಿಡಿದ್ರೆ ಔಷಧಿ ಬಾಟಲಿ ಮುಚ್ಚಳದ ತರ ಇರುತ್ತೆ, ಹತ್ತು ಜೋಡಿಸಿದ್ರೆ ಬೀಳುತ್ತೆ. ಇದು ಕೂರುತ್ತೆ, ಇಟ್ಟಾಗ ಟಕ್ ಅಂತ ಶಬ್ದ ಬರುತ್ತೆ, ಫ್ಯಾನ್ ಜೋರಾಗಿ ತಿರುಗ್ತಿದ್ರೂ ಅಲ್ಲಾಡಲ್ಲ. 200 ಬಿಲ್ಲೇನೇ 2.3 ಕೆಜಿ ಆಯ್ತು, ಪೆಟ್ಟಿಗೆ ಸೇರಿದ್ರೆ ಇನ್ನೂ ಜಾಸ್ತಿ, ಹಂಗಾಗಿ ತಗೊಂಡು ಓಡಾಡೋ ಸಾಮಾನು ಇದಲ್ಲ. ಬೆಳಿಗ್ಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗೋರು ಟ್ರೈನಲ್ಲಿ ಬ್ಯಾಗು ಮಡಿಲ ಮೇಲಿಟ್ಕೊಂಡು ಆಡ್ತಾರಲ್ಲ, ಅವರಿಗೆ ಇದು ಉಪಯೋಗ ಇಲ್ಲ, ಅಲ್ಲಿ ಪಾಯಿಂಟ್ ಬರ್ಕೊಳ್ಳೋದೇ ಸರಿ. ನಾವು ಗುಬ್ಬಿ ಕಡೆ ನಮ್ಮ ನೆಂಟರ ತೋಟದ ಮನೆಗೆ ಒಯ್ಯೋದು ಕಾರಲ್ಲಿ.

ಪೆಟ್ಟಿಗೆ ಮಾತ್ರ ದುರ್ಬಲ. ಮುಚ್ಚಳದ ಕೊಂಡಿ ತೆಳ್ಳಗಿದೆ, ಅಷ್ಟು ತೂಕಕ್ಕೆ ಆ ಹಿಡಿಕೆ ಸಾಲಲ್ಲ, ಹಿಡ್ಕೊಂಡು ಎತ್ತುವಾಗ ಕೆಳಗೆ ಒಂದು ಕೈ ಕೊಡಿ. ಸ್ಪಾಂಜ್ ಸಾಲುಗಳು ಬಿಗಿಯಾಗಿವೆ, ಬಿಲ್ಲೆ ತೆಗೆಯುವಾಗ ಸ್ವಲ್ಪ ಸ್ವಲ್ಪ ಕಿತ್ತು ಬರುತ್ತೆ. ಅಂಗಡಿಯೋರು ವಾಪಸ್ ತಗೊಳ್ಳಲ್ಲ ಅಂತ ಬಿಲ್ ಮೇಲೇ ಇತ್ತು, ಅದಕ್ಕೆ ಅಲ್ಲೇ ಪೆಟ್ಟಿಗೆ ತೆಗೆಸಿ ಎಲ್ಲಾ ಬಣ್ಣದ್ದೂ 50 ಇದೆಯಾ, ಅಂಚು ಒಡೆದಿರೋದು ಇದೆಯಾ ಅಂತ ಎಣಿಸ್ಕೊಂಡೇ ಬನ್ನಿ. ನಾನು ಎಣಿಸುವಾಗ ಅಂಗಡಿ ಹುಡುಗ ಬೇಜಾರಿಲ್ದೆ ಜೊತೇಲಿ ಕೂತು ಎಣಿಸಿಕೊಟ್ಟ, ಒಂದು ಒಡೆದ ಕೆಂಪು ಬಿಲ್ಲೆ ಬದಲಾಯಿಸಿಯೂ ಕೊಟ್ಟ, ಅದಕ್ಕೆ ಪೂರ್ತಿ ಮಾರ್ಕ್ಸು.

ಇನ್ನು ಎಲೆ. ಇಲ್ಲಿ ನನಗೆ ನಿಜವಾಗ್ಲೂ ಬೇಸರ. ಪ್ಲಾಸ್ಟಿಕ್ ಎಲೆ ಅಂತ ಪೆಟ್ಟಿಗೆ ಮೇಲಿದೆ, ಒಳಗಿರೋದು ಪ್ಲಾಸ್ಟಿಕ್ ಲೇಪ ಇರೋ ಪೇಪರ್ ಎಲೆ. ಬೇಸಿಗೇಲಿ ಕೈ ಬೆವರಿದ್ರೆ ಒಂದಕ್ಕೊಂದು ಅಂಟುತ್ತೆ, ಹೊಸತೊಡಕಿನ ಊಟ ಮಾಡಿ ಬಂದ ಕೈ ಎಷ್ಟು ತೊಳೆದ್ರೂ ಜಿಡ್ಡು ಜಿಡ್ಡೇ, ಒಂದು ಸಲ ಮೂಲೆ ಮಡಿಸಿದ್ರೆ ಆ ಎಲೆ ಯಾವುದು ಅಂತ ಆಮೇಲೆ ಎಲ್ಲರಿಗೂ ಗೊತ್ತು. ನಿಜವಾದ ಪಿವಿಸಿ ಎಲೆ ಬಗ್ಗಿಸಿದ್ರೆ ಹಂಗೇ ನೆಟ್ಟಗಾಗುತ್ತೆ, ಒದ್ದೆ ಬಟ್ಟೇಲಿ ಒರೆಸ್ಬೋದು. ಎರಡನೇದು ಅಳತೆ. ಇದರಲ್ಲಿ ಬಂದಿರೋದು ಪೋಕರ್ ಸೈಜ್, ಅಗಲ 63 ಮಿಲಿಮೀಟರ್. ಪೋಕರಲ್ಲಿ ಕೈಯಲ್ಲಿ ಹಿಡಿಯೋದು ಎರಡೋ ಐದೋ ಎಲೆ, ಹೆಂಗಿದ್ರೂ ನಡೆಯುತ್ತೆ. ನಾವು ಹದಿಮೂರು ಬೀಸಣಿಗೆ ತರ ಬಿಡಿಸಿ ಹಿಡಿಬೇಕು, ಎತ್ತಿದಾಗ ಹದಿನಾಲ್ಕು. ಬ್ರಿಡ್ಜ್ ಸೈಜ್ ಅಂತ 57 ಮಿಲಿಮೀಟರ್‌ದು ಬರುತ್ತೆ, ಉದ್ದ ಎರಡಕ್ಕೂ ಒಂದೇ, 88. ಆರು ಮಿಲಿಮೀಟರ್ ಏನ್ ಮಹಾ ಅನ್ಸುತ್ತೆ, ಹಿಡಿದು ನೋಡಿ ಆಮೇಲೆ ಹೇಳಿ, ನಮ್ಮ ಅತ್ತಿಗೆ ಚಿಕ್ಕ ಕೈಯೋರು, ಬ್ರಿಡ್ಜ್ ಸೈಜ್ ತಂದ್ಮೇಲೇ ಎಲೆ ಮಡಿಲಿಗೆ ಬೀಳಿಸದೆ ಆಡ್ತಿರೋದು. ವಯಸ್ಸಾದೋರು ಇದ್ರೆ ಮೂಲೇಲಿ ದೊಡ್ಡ ನಂಬರ್ ಇರೋದು ಕೇಳಿ ತಗೊಳ್ಳಿ.

ಮೂರನೇದು ಬೆನ್ನಿನ ಬಣ್ಣ, ಇದು ಯಾರೂ ಯೋಚನೆ ಮಾಡಲ್ಲ. ಪೆಟ್ಟಿಗೇಲಿ ಒಂದು ಕಟ್ಟು ಕೆಂಪು ಬೆನ್ನು, ಇನ್ನೊಂದು ನೀಲಿ. ಆಟ ಮುಗಿದ್ಮೇಲೆ ಬೇರೆ ಮಾಡೋಕೆ ಸುಲಭ ನಿಜ. ಆದ್ರೆ ಎರಡೂ ಕಲಸಿ ರಮ್ಮಿ ಆಡುವಾಗ ಮೋಸ ಮಾಡ್ದೇನೇ ಮಾಹಿತಿ ಸೋರುತ್ತೆ. ನನಗೆ ಡೈಮಂಡ್ 8 ಬೇಕು, ಕೆಂಪು ಕಟ್ಟಿನ ಡೈಮಂಡ್ 8 ಆಗ್ಲೇ ಯಾರೋ ಬಿಟ್ಟಿದ್ದು ನೋಡಿದೀನಿ, ಉಳಿದಿರೋದು ನೀಲಿದು ಒಂದೇ. ಎತ್ತೋ ಕಟ್ಟಿನ ಮೇಲೆ ಕೆಂಪು ಬೆನ್ನು ಕಾಣ್ತಿದ್ರೆ ಅದು ನನ್ನ ಎಲೆ ಅಲ್ಲ ಅಂತ ಎತ್ತೋ ಮುಂಚೇನೇ ಗೊತ್ತಾಯ್ತಲ್ಲ, ಓಪನ್ ಎತ್ತಲಾ ಬಿಡಲಾ ಅನ್ನೋ ಯೋಚನೆ ಅಲ್ಲಿಗೇ ಮುಗೀತು. ರಮ್ಮಿಗೆ ಒಂದೇ ಬೆನ್ನಿನ ಎರಡು ಕಟ್ಟೇ ಬೇಕು, ಇದರಲ್ಲಿ ರಾಜಿ ಇಲ್ಲ.

ಕೂರೋ ಜಾಗದ ಬಗ್ಗೇನೂ ಒಂದು ಮಾತು. ಬರೀ ಜಮಖಾನದ ಮೇಲೆ ಬಿಲ್ಲೆ ಗೋಪುರ ನಿಲ್ಲಲ್ಲ, ಗ್ರಾನೈಟ್ ನೆಲದ ಮೇಲೆ ಪಿವಿಸಿ ಎಲೆ ಜಾರ್ಕೊಂಡು ಸೋಫಾ ಕೆಳಗೆ ಹೋಗುತ್ತೆ. ಪ್ಲೈವುಡ್ ಹಲಗೆ ಮೇಲೆ ಒಂದು ಹಳೇ ಹತ್ತಿ ಬೆಡ್‌ಶೀಟ್ ಬಿಗಿಯಾಗಿ ಸುತ್ತಿ ಮಧ್ಯಕ್ಕೆ ಹಾಕೊಂಡ್ರೆ ಎರಡಕ್ಕೂ ಸರಿ.

ದುಡ್ಡಿನ ವಿಷ್ಯ ಕೇಳೋರಿಗೆ ನೇರವಾಗಿ ಹೇಳ್ತೀನಿ, ಈ ಬಿಲ್ಲೆಗೆ ರೂಪಾಯಿ ಬೆಲೆ ಕಟ್ಬೇಡಿ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಸತ್ಯನಾರಾಯಣ ಕೇಸಲ್ಲಿ ಹೇಳಿದೆ, ಎಲೆ ಬೀಳೋದು ನೆನಪಿಟ್ಕೋಬೇಕು, ಯಾವುದು ಹಿಡಿಬೇಕು ಯಾವುದು ಬಿಡ್ಬೇಕು ಅನ್ನೋದಕ್ಕೆ ಜಾಣ್ಮೆ ಬೇಕು ಅಂತ. ಆ ಮಾತನ್ನ ಎಲ್ಲರೂ ಹೇಳ್ತಾರೆ, ಅದೇ ತೀರ್ಪಲ್ಲಿ ಪಣಕ್ಕಿಟ್ಟು ಆಡೋ ಆಟದಿಂದ ಮನೆ ಅಥವಾ ಕ್ಲಬ್ ನಡೆಸೋರು ಲಾಭ ಮಾಡ್ಕೊಂಡ್ರೆ ಅಪರಾಧ ಆಗ್ಬೋದು ಅಂತಾನೂ ಇದೆ, ಅದನ್ನ ಯಾರೂ ಹೇಳಲ್ಲ. ನಮ್ಮಲ್ಲಿ ಜೂಜಿನ ಕೇಸು ಹಾಕೋದು 1963ರ ಕರ್ನಾಟಕ ಪೊಲೀಸ್ ಕಾಯ್ದೆ ಕೆಳಗೆ, ಯುಗಾದಿ ಟೈಮಲ್ಲಿ ಪೊಲೀಸರು ರೈಡ್ ಮಾಡೋ ಸುದ್ದಿ ಪೇಪರಲ್ಲಿ ಬರ್ತಾನೇ ಇರುತ್ತೆ. ಅದೆಲ್ಲಕ್ಕಿಂತ ಹೆಚ್ಚಾಗಿ ಈ ಆಟದಲ್ಲಿ ಮನೆ ಮಠ ಕಳ್ಕೊಂಡೋರು ನಮ್ಮ ಸುತ್ತಮುತ್ತ ಇದಾರೆ, ನೋಡಿದೀವಿ. ಬೆಳಿಗ್ಗೆ ಎಲ್ಲರಿಗೂ 500 ಕೊಡಿ, ಸಂಜೆ ಪೆಟ್ಟಿಗೆಗೆ ತುಂಬಿ, ಯಾರ ಮುಂದೆ ಜಾಸ್ತಿ ಇದೆಯೋ ಅವರು ಗೆದ್ರು, ಸೋತೋರು ಎಲ್ಲರಿಗೂ ಕಾಫಿ ಮಾಡ್ಲಿ.

ಆಪಲ್ಲಿ ಆಡಿ ಕಲಿತ ಹುಡುಗ್ರು ಈಗ ಮನೆ ಆಟಕ್ಕೆ ಬರ್ತಿದಾರೆ, 2025ರ ಆಗಸ್ಟಲ್ಲಿ ಕೇಂದ್ರದ ಹೊಸ ಕಾಯ್ದೆ ಬಂದು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳಿಗೆ ನಿಷೇಧ ಆಯ್ತಲ್ಲ, ಅದಾದ್ಮೇಲೆ. ನಮ್ಮಕ್ಕನ ಮಗನೂ ಹಂಗೇ ಬಂದಿದ್ದು. ಆಟ ಚುರುಕಾಗಿ ಆಡ್ತಾನೆ, ಆದ್ರೆ ಎಲೆ ಜೋಡಿಸೋಕೆ, ಪಾಯಿಂಟ್ ಎಣಿಸೋಕೆ ಅಲ್ಲಿ ಮಷಿನ್ ಇತ್ತು, ಇಲ್ಲಿ ಕೈ ಬಿಚ್ಚಿಟ್ಟು 37 ಅಂತ ತಾನೇ ಹೇಳಿ ತಾನೇ ಎತ್ತಿ ಕೊಡ್ಬೇಕು, ಎದುರಿಗೆ ಅಜ್ಜಿ ಕೂತು ‘ಮತ್ತೆ ಎಣಿಸು ಮಗಾ, ಎಕ್ಕ ಬಿಟ್ಟಿದೀಯ’ ಅಂತಾರೆ. ಫೋನ್ ಪಕ್ಕಕ್ಕಿಟ್ಟು ಮೂರು ತಲೆಮಾರು ಒಂದು ಹಲಗೆ ಸುತ್ತ ಕೂರೋದು ನಮ್ಮ ಮನೇಲಿ ಇದರಿಂದ ಆಗಿದೆ, ಅದಕ್ಕೆ ಕೊಟ್ಟ ದುಡ್ಡು ಜಾಸ್ತಿ ಅಂತ ನನಗೆ ಅನ್ಸಿಲ್ಲ.

ಮಾರ್ಕ್ಸ್ ಕೊಡೋದಾದ್ರೆ ಬಿಲ್ಲೆಗೆ ಐದಕ್ಕೆ ನಾಲ್ಕೂವರೆ, ಪೆಟ್ಟಿಗೆಗೆ ಎರಡೂವರೆ, ಎಲೆಗೆ ಒಂದು. ತಗೊಳ್ಳೋರು ಬಿಲ್ಲೆ ಸೆಟ್ ಜೊತೆಗೇ ಒಂದೇ ಬೆನ್ನಿನ ಬ್ರಿಡ್ಜ್ ಸೈಜ್ ಪಿವಿಸಿ ಕಟ್ಟು ಕೇಳಿ, ಎರಡರ ಬದಲು ಮೂರು ತಗೊಂಡಿಟ್ಕೊಳ್ಳಿ. ತಲಾ 21 ಎಲೆ ಹಂಚೋ ರಮ್ಮಿಗೆ ಮೂರು ಕಟ್ಟು ಬೇಕು, ಆಮೇಲೆ ಅದೇ ಬೆನ್ನಿನದು ಹುಡುಕ್ಕೊಂಡು ಹೋದ್ರೆ ಅಂಗಡೀಲಿ ಸ್ಟಾಕ್ ಬದಲಾಗಿರುತ್ತೆ.